ಉಮ್ಮನ ವಲಿವು, ಜೀಪಿನ ವಲಿವು

ಹಿತ್ತಲ ಮೆಟ್ಟಿಲಲ್ಲಿ ಮೆಟ್ಟುಕತ್ತಿ ಇಟ್ಟುಕೊಂಡು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಎರಡು ಕೈಗೂ ಹುರುಪೆ ಅಂಟಿತ್ತು. ಕಿಟಕಿಯ ದಂಡೆಯಲ್ಲಿದ್ದ ಫೋನು ಬಡಿದುಕೊಂಡಾಗ ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಬಾಯಮ್ಮ, ವಲಿವಿಲ್ಲ! ಒಟ್ಟು ವಲಿವಿಲ್ಲ!"

ಕುಂಬ್ಡಾಜೆಯ ಜೀಪಿನ ಅಬ್ಬಾಸ್. ಅಷ್ಟು ಕೂಗಿದ್ದೇ ತಡ, ಲೈನು ಕಡಿಯಿತು.

ವಲಿವು ಎಂದರೆ ಇಲ್ಲಿಯ ಮಲಯಾಳದಲ್ಲಿ ಉಬ್ಬಸ. ಅಬ್ಬಾಸನ ತಾಯಿ ಬೀಪಾತುಮ್ಮನವರಿಗೆ ಅದು ಹಳೆಯ ಸಂಗಾತಿ. ಮಳೆ ಶುರುವಾದ ಮೇಲೆ ಉಮ್ಮನಿಗೆ ಎದೆ ಕಟ್ಟಿದೆ, ನಾಳೆ ಕಾಸರಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹಿಂದಿನ ದಿನವಷ್ಟೇ ಹೇಳಿದ್ದ. ಅದು ಇಳಿಯಿತಲ್ಲ ಎಂದು ನನಗೆ ಸಮಾಧಾನವಾಯಿತು. ಮೀನಿನ ಕೈಯಲ್ಲಿ ಶಿಲುಬೆಯ ಗುರುತು ಹಾಕಲಿಕ್ಕೆ ಮನಸ್ಸಾಗದೆ ಬಾಯಲ್ಲೇ ದೇವರಿಗೆ ಸ್ತೋತ್ರ ಹೇಳಿ, ಒಳಗೆ ಚಹಾ ಕುಡಿಯುತ್ತಿದ್ದ ನನ್ನ ಗಂಡನಿಗೆ ತಿಳಿಸಿದೆ.

"ಕೇಳಿದ್ರಾ, ಬೀಪಾತುಮ್ಮನಿಗೆ ವಲಿವಿಲ್ಲವಂತೆ."

"ಒಳ್ಳೇದಾಯ್ತು. ಅದನ್ನು ಹೇಳ್ಲಿಕ್ಕೆ ಅವ ಹಾಗೆ ಬೊಬ್ಬೆ ಹಾಕ್ತಾನಾ?"

"ಸಂತೋಷಕ್ಕೆ ಹಾಕಿರಬಹುದು."

ಇವರ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು. "ಸಂತೋಷಕ್ಕಲ್ಲ ಮಾರಾಯ್ತಿ! ಅದು ಉಮ್ಮನ ವಲಿವಲ್ಲ, ಜೀಪಿನ ವಲಿವು. ಜೀಪು ಎಳೀತಾ ಇಲ್ಲ!"

ಮಲಯಾಳದಲ್ಲಿ ಗಾಡಿಯ ಎಳೆತಕ್ಕೂ ವಲಿವು ಎಂದೇ ಹೇಳುತ್ತಾರೆ. ಎದೆಯಲ್ಲಿ ಅದು ಇದ್ದರೆ ಕಾಯಿಲೆ, ಗಾಡಿಯಲ್ಲಿ ಇಲ್ಲದಿದ್ದರೆ ಕಾಯಿಲೆ. ಮಂಗಳೂರಿನ ಆಚೆಯಿಂದ ಮದುವೆಯಾಗಿ ಬಂದ ಕೊಂಕಣಿಯವಳಾದ ನನಗೆ ಆ ಪದ ಮೊದಲು ಪರಿಚಯವಾದದ್ದು ಬೀಪಾತುಮ್ಮನವರ ಎದೆಯಿಂದ. ನಮ್ಮ ಶೆಡ್ಡಿನಲ್ಲಿ ಎಲ್ಲರೂ 'ಪುಲ್ಲಿಂಗ್' ಎನ್ನುತ್ತಿದ್ದರು. ಗಾಬರಿಯಾದಾಗ ಅಬ್ಬಾಸನಿಗೆ ತಾಯಿಯ ಭಾಷೆ ಬಂತು, ನನಗೆ ತಾಯಿಯ ಕಾಯಿಲೆ ನೆನಪಾಯಿತು.

ಜೀಪಿಗೆ ವಲಿವಿಲ್ಲ ಎಂದರೆ ಉಮ್ಮ ಆ ಜೀಪಿನಲ್ಲೇ ಇದ್ದಾರೆ ಎಂದರ್ಥ. ಆಸ್ಪತ್ರೆಯನ್ನು ಮುಟ್ಟಿಲ್ಲ ಎಂದರ್ಥ.

ಜೀಪು ಯಾಕೆ ಎಳೆಯಲಿಲ್ಲ ಎಂದು ಹೇಳಬೇಕಾದರೆ ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಾಯ್ಮಾರ್ಮೂಲೆಯಲ್ಲಿ ನಮ್ಮ ಮನೆಯ ಹಿಂದೆ ಟರ್ಬೊ ರಿಪೇರಿಯ ಶೆಡ್ಡು ಉಂಟು. ಈಗ ಅದನ್ನು ಮಗಳು ಲವೀನಾ ನೋಡಿಕೊಳ್ಳುತ್ತಾಳೆ. ಐಟಿಐ ಮುಗಿಸಿದ ಮಕ್ಕಳು ಅವಳ ಹತ್ತಿರ ಕಲಿಯಲು ಬರುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಂಟಿ, ನೀವೂ ಇದೇ ಕೆಲಸ ಮಾಡಿದ್ದಂತೆ ಹೌದಾ?" ಎಂದು ಕೇಳುತ್ತಾರೆ. ಹೌದು. ಅನ್ನ ಬೇಯುವ ಹೊತ್ತಿನಲ್ಲಿ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಮಾಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟರ್ಬೊ ಎಂದರೆ ದೊಡ್ಡ ಬಸವನಹುಳುವಿನ ಹಾಗೆ ಕಾಣುವ ಒಂದು ಕಬ್ಬಿಣದ ಸಾಮಾನು. ಎಂಜಿನ್ ಉಗುಳುವ ಬಿಸಿ ಹೊಗೆ ಅದರ ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚು ಸಿಕ್ಕಿದಷ್ಟು ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಬಲ ಬರುತ್ತದೆ. ಹೊರಗೆ ಬಿಡುವ ಉಸಿರಿನಿಂದಲೇ ಒಳಗೆ ತೆಗೆದುಕೊಳ್ಳುವ ಉಸಿರಿಗೆ ಸಹಾಯ. ಮೊದಲ ಸಲ ಇವರು ವಿವರಿಸಿದಾಗ, ದೇವರು ನಮ್ಮ ಎದೆಗೂ ಇಂಥದೊಂದು ಕೊಡಬಹುದಿತ್ತಲ್ಲ ಎಂದುಕೊಂಡಿದ್ದೆ.

ನನ್ನ ಮೊದಲ ಕೆಲಸ ಬಿಡಿಭಾಗಗಳನ್ನು ಡೀಸೆಲಿನಲ್ಲಿ ತೊಳೆಯುವುದು. ಆ ಶಾಫ್ಟು ತಿರುಗುವ ವೇಗಕ್ಕೆ ಎಣ್ಣೆಯಲ್ಲಿ ಒಂದು ಮರಳ ಕಣ ಸೇರಿದರೂ ಬೇರಿಂಗ್ ಹೋಯಿತು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಮಾತಾಡದೆ ಉಣ್ಣುವ ಗಂಡ, ಶೆಡ್ಡಿನಲ್ಲಿ ಬೇರೆಯೇ ಮನುಷ್ಯ. ನನ್ನ ಮೇಲಧಿಕಾರಿಯ ಬಗ್ಗೆ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಅವರು ಊಟಕ್ಕೆ ಮನೆಗೆ ಬರುವಾಗ ಬಾಗಿಲಲ್ಲಿ ಕೋಪ ಕಳಚಿಟ್ಟು ಬರುತ್ತಿದ್ದರು. ಅದು ಸಣ್ಣ ದಯೆಯಲ್ಲ.

"ತಲೆಗೂದಲು ಬಿತ್ತು ನೋಡು ಅದ್ರೊಳಗೆ. ಇದೆಂತ, ಪಾಯಸವಾ?"

"ಪಾಯಸಕ್ಕೆ ಬಿದ್ರೂ ನೀವು ಬಯ್ತೀರಿ."

"ಪಾಯಸಕ್ಕೆ ಬಿದ್ರೆ ತೆಗೆದು ಕುಡಿಯಬಹುದು!"

ಅಂದಿನಿಂದ ತಲೆಗೆ ಬಟ್ಟೆ ಕಟ್ಟಿ ಕೂತೆ. ಇಗರ್ಜಿಗೆ ಹೋಗುವ ಬಾಯಮ್ಮ ಶೆಡ್ಡಿನಲ್ಲೂ ತಲೆ ಮುಚ್ಚಿ ಕೂತಿದ್ದಾರೆ ಎಂದು ಡ್ರೈವರುಗಳು ನಗುತ್ತಿದ್ದರು.

ಕ್ರಮೇಣ ನನ್ನ ಪಾಲಿಗೆ ಇನ್ನೊಂದು ಕೆಲಸ ಬಂತು, ಕೇಳುವುದು. ಜೋಡಿಸಿದ ಟರ್ಬೊವನ್ನು ಎಂಜಿನಿಗೆ ಕೂರಿಸಿ ರೇಸ್ ಮಾಡಿದಾಗ ಒಂದು ಸಣ್ಣ ಶಿಳ್ಳೆ ಏಳುತ್ತದೆ. ಅದು ಒಂದೇ ಎಳೆಯಲ್ಲಿ ಮೇಲೆ ಹೋಗಬೇಕು. ನಡುಗಿದರೆ ಶಾಫ್ಟು ಓಲಾಡುತ್ತಿದೆ, ಉಸ್ಸೆಂದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದು ಲೆಕ್ಕ. ಸುತ್ತಿಗೆಯ ಸದ್ದಿಗೆ ಇವರ ಕಿವಿ ಮೊದಲೇ ಮಂದವಾಗಿತ್ತು. ನಾನು ಇಗರ್ಜಿಯಲ್ಲಿ ಹಾಡುವವಳು, ಸ್ವರ ಹತ್ತುವುದು ಇಳಿಯುವುದು ತಿಳಿಯುತ್ತಿತ್ತು. ಈಗ ಬ್ಯಾಲೆನ್ಸ್ ಮಾಡುವ ಯಂತ್ರ ಬಂದಿದೆ, ಲ್ಯಾಪ್‌ಟಾಪಿನಲ್ಲಿ ಗೆರೆ ನೋಡಿ ಹೇಳುತ್ತಾರೆ. ಒಳ್ಳೆಯದೇ. ಗೆರೆಗೆ ನೆಗಡಿ ಆಗುವುದಿಲ್ಲ.

ಆದರೆ ಗಾತ್ರದ ವಿಷಯದಲ್ಲಿ ನಮಗೆ ಪಾಠ ಕಲಿಸಿದವರು ಕೆಂಪುಕಲ್ಲಿನ ಲಾರಿಯ ನಾರಾಯಣಣ್ಣ. ಅವರ ಲಾರಿ ಕಲ್ಲು ಹೇರಿಕೊಂಡು, ಕಲ್ಲು ಕಡಿಯುವ ಕೋರೆಯ ಗುಂಡಿಯಿಂದ ಮೇಲೆ ಬರಲು ಒದ್ದಾಡುತ್ತಿತ್ತು. ಇವರು ಒಂದು ಸಣ್ಣ ಟರ್ಬೊ ಹಾಕಿಕೊಟ್ಟರು. ಸಣ್ಣದರ ಚಕ್ರ ಹಗುರ, ದಾರಿ ಇಕ್ಕಟ್ಟು. ಎಂಜಿನ್ ನಿಧಾನವಾಗಿ ತಿರುಗುವಾಗ ಬರುವ ಸ್ವಲ್ಪ ಹೊಗೆಯಲ್ಲೇ ಅದು ಎಚ್ಚರಾಗಿ ಬಲ ಕೊಡುತ್ತದೆ. ಲಾರಿ ಗುಂಡಿಯಿಂದ ಆಡಿನ ಮರಿಯ ಹಾಗೆ ಎದ್ದು ಬಂತು. ನಾರಾಯಣಣ್ಣ ಬಾಳೆಗೊನೆ ತಂದುಕೊಟ್ಟರು.

ಕೆಲವು ತಿಂಗಳಾದ ಮೇಲೆ ಅದೇ ಲಾರಿ ಹಗ್ಗ ಕಟ್ಟಿಸಿಕೊಂಡು ಬಂತು. ಬಿಚ್ಚಿ ನೋಡಿದರೆ ಚಕ್ರದ ರೆಕ್ಕೆಗಳು ಮುರಿದಿದ್ದವು. ನಾರಾಯಣಣ್ಣ ಕೋರೆ ಬಿಟ್ಟು ಮಂಗಳೂರಿಗೆ ಸಾಮಾನು ಸಾಗಿಸಲು ಶುರುಮಾಡಿದ್ದರು. ಹೆದ್ದಾರಿಯಲ್ಲಿ ಎಂಜಿನ್ ಗಂಟೆಗಟ್ಟಲೆ ಜೋರಾಗಿ ಓಡುವಾಗ ಅಷ್ಟೂ ಹೊಗೆ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಉಸಿರು ಬಿಡಲು ಜಾಗ ಸಾಲದೆ ಎಂಜಿನ್ ಬಿಸಿಯೇರುತ್ತದೆ, ಟರ್ಬೊ ತನ್ನ ಮಿತಿ ಮೀರಿ ತಿರುಗುತ್ತದೆ.

"ಹೆದ್ದಾರಿಗೆ ಹೋಗ್ತೇನೆ ಅಂತ ಯಾಕೆ ಹೇಳ್ಲಿಲ್ಲ ನಾರಾಯಣಣ್ಣ?" ಎಂದು ಇವರು ರೇಗಿದರು.

"ನೀವು ಕೇಳಿದ್ರಾ ಪೊರ್ಬುಗಳೇ?"

ನಮ್ಮ ಕ್ರಿಸ್ತುವರ ಗಂಡಸರನ್ನು ಈ ಕಡೆ ಪೊರ್ಬು ಎನ್ನುತ್ತಾರೆ, ಹೆಂಗಸರನ್ನು ಬಾಯಮ್ಮ ಎಂದ ಹಾಗೆ. ಅಂದಿನಿಂದ ನಮ್ಮ ಶೆಡ್ಡಿಗೆ ಯಾವ ಗಾಡಿ ಬಂದರೂ ಮೊದಲ ಪ್ರಶ್ನೆ ಎಂಜಿನ್ ಯಾವುದು ಎಂದಲ್ಲ, ದಾರಿ ಯಾವುದು ಎಂದು. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ನಮ್ಮೂರಲ್ಲಿ ಒಂದು ಅಭ್ಯಾಸ ಉಂಟು. ಮಕ್ಕಳಿಗೆ ಅಂಗಿ ಹೊಲಿಸುವಾಗ ಒಂದು ಅಳತೆ ದೊಡ್ಡದೇ ಹೊಲಿಸುತ್ತೇವೆ. ಬೆಳೆಯುತ್ತಾನಲ್ಲ, ಮುಂದಿನ ವರ್ಷಕ್ಕೂ ಆಗುತ್ತದೆ. ಗಾಡಿಯವರೂ ಅದೇ ಲೆಕ್ಕದಲ್ಲಿ ಬರುತ್ತಾರೆ, ದೊಡ್ಡದೇ ಇರಲಿ ಎನ್ನುತ್ತಾರೆ. ಆದರೆ ಎಂಜಿನ್ ಬೆಳೆಯುವುದಿಲ್ಲ. ದೊಡ್ಡ ಟರ್ಬೊದ ಭಾರದ ಚಕ್ರ ತಿರುಗಬೇಕಾದರೆ ತುಂಬಾ ಹೊಗೆ ಬೇಕು. ಆ ಹೊಗೆ ಬರಬೇಕಾದರೆ ಎಂಜಿನ್ ಮೊದಲೇ ಜೋರಾಗಿ ಓಡುತ್ತಿರಬೇಕು. ಉದ್ದದ ಸಮತಟ್ಟು ರಸ್ತೆಯಲ್ಲಿ ಅದು ರಾಜ. ಏರಿನಲ್ಲಿ, ಕಾಲೊತ್ತಿದ ಎಷ್ಟೋ ಹೊತ್ತಿನ ನಂತರ 'ಕರೆದಿರಾ?' ಎನ್ನುವ ಆಳಿನ ಹಾಗೆ.

ಕಲಿಯುವ ಮಕ್ಕಳಿಗೆ ನಾನು ಒಲೆ ಊದುವ ಕೊಳವೆ ತೋರಿಸುತ್ತೇನೆ. ಸಪೂರ ಕೊಳವೆಯಲ್ಲಿ ಮುದುಕಿಯ ಉಸಿರೂ ಕೆಂಡ ಮುಟ್ಟುತ್ತದೆ. ಅದೇ ಉಸಿರನ್ನು ದಪ್ಪ ಪೈಪಿನಲ್ಲಿ ಊದಿದರೆ ಬೂದಿಯೂ ಅಲುಗುವುದಿಲ್ಲ. ಜಾತ್ರೆಯ ಕಡಾಯಿಗೆ ಗಾಳಿ ಹಾಕಬೇಕಾದರೆ ಮಾತ್ರ ಸಪೂರದ್ದು ಸಾಲದು. ಈಗ ಬರುವ ಟರ್ಬೊಗಳಲ್ಲಿ ಒಳಗಿನ ಎಲೆಗಳು ತಾವೇ ಮುಚ್ಚಿ ತೆರೆದು ಒಂದೇ ಕೊಳವೆ ಸಪೂರವೂ ಆಗುತ್ತದೆ, ದಪ್ಪವೂ ಆಗುತ್ತದೆ. ಅಬ್ಬಾಸನ ಜೀಪಿನಲ್ಲಿ ಅದಿರಲಿಲ್ಲ.

ಅಬ್ಬಾಸನ ತಂಗಿಯ ಗಂಡ ಹನೀಫ್ ಗಲ್ಫಿನಲ್ಲಿ ದೊಡ್ಡ ಗಾಡಿ ಓಡಿಸುವವನು. ಊರಿಗೆ ಬರುವವರ ಕೈಯಲ್ಲಿ ಅವನು ಭಾವನಿಗೆ ಒಂದು ಟರ್ಬೊ ಕಳಿಸಿದ. ಅತ್ತರು, ಹಾಲಿನ ಪುಡಿ, ಮುಲಾಮಿನ ಡಬ್ಬಿಗಳ ನಡುವೆ ಟವೆಲು ಸುತ್ತಿಸಿಕೊಂಡು ಬಂದ ಅದನ್ನು ಅಬ್ಬಾಸ್ ಮದುಮಗಳನ್ನು ಇಳಿಸಿದ ಹಾಗೆ ನಮ್ಮ ಮೇಜಿನ ಮೇಲೆ ಇಳಿಸಿದ.

"ಯಾವ ದಾರಿಗೆ?" ಎಂದು ಇವರು ಕೇಳಿದರು.

"ನಿಮಗೆ ಗೊತ್ತಿಲ್ವಾ ಪೊರ್ಬುಗಳೇ? ನಮ್ಮ ಗುಡ್ಡದ ಕೆಳಗಿನ ಬೈಲಿಂದ ಮೇಲಿನ ರಸ್ತೆಗೆ."

"ಆ ಏರಿಗೆ ಇದು ಆಗ್ಲಿಕ್ಕಿಲ್ಲ. ಇದು ಮರುಭೂಮಿಯ ರಸ್ತೆಯದ್ದು. ಅಲ್ಲಿ ಕಾಲು ಒತ್ತಿದ್ರೆ ತೆಗೀಲಿಕ್ಕಿಲ್ಲ. ನಿಂಗೆ ತಿರುವಿಗೊಂದು ಸಲ ತೆಗೀಬೇಕು."

"ಹಾಕಿ ನೋಡುವ. ಭಾವ ಹಬ್ಬಕ್ಕೆ ಬರ್ತಾನೆ. ಬಂದವ ಮೊದಲು ಮಗುವಿನ ಮುಖ ನೋಡ್ಲಿಕ್ಕಿಲ್ಲ, ಜೀಪಿನ ಬಾನೆಟ್ ಎತ್ತುತ್ತಾನೆ. ಅಷ್ಟು ಪ್ರೀತಿಯಿಂದ ಕಳಿಸಿದ್ದು, ಮೂಲೆಗೆ ಹಾಕಿದ್ರೆ ತಂಗಿಯ ಮುಖ ನೋಡುವುದು ಹೇಗೆ?"

ಹೆಣ್ಣು ಕೊಟ್ಟ ಮನೆಯಿಂದ ಬಂದ ಉಡುಗೊರೆ. ಅದಕ್ಕೆ ಇವರ ಹತ್ತಿರ ಸ್ಪ್ಯಾನರ್ ಇರಲಿಲ್ಲ. ಅಳತೆ ಹೊಂದಿಸಲು ನಡುವೆ ಒಂದು ಕಬ್ಬಿಣದ ತಟ್ಟೆ ಕೊಟ್ಟು ಕೂರಿಸಿದರು. ಜೀಪಿನಿಂದ ಕಳಚಿದ ಹಳೆಯ ಸಣ್ಣ ಟರ್ಬೊವನ್ನು ಶೆಡ್ಡಿನಲ್ಲೇ ಇಡಬೇಕು, ಮಾರಬಾರದು ಎಂದು ಮಾತು ತೆಗೆದುಕೊಂಡರು. ನಾನು ಅದನ್ನು ತೊಳೆದು, ಎಣ್ಣೆ ಹಚ್ಚಿ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ ಇಟ್ಟೆ. ಮೇಲಿನ ರಸ್ತೆಯಲ್ಲಿ ಒಬ್ಬನೇ ಓಡಿಸಿ ನೋಡಿ ಅಬ್ಬಾಸ್ ಬಹಳ ಹೊಗಳಿದ. ಬಿಸಿಲಿನ ದಿನಗಳಲ್ಲಿ ಕೆಳಗಿನಿಂದಲೇ ಓಟ ತೆಗೆದು ಮನೆಯ ಏರನ್ನೂ ಹೇಗೋ ಹತ್ತಿದನಂತೆ. ಮಳೆ ಬಂದು ಓಟ ತೆಗೆಯಲಾಗದೆ ಹೋದದ್ದು ಆ ಬೆಳಿಗ್ಗೆಯೇ.

ಇವರು ತಿರುಗಿ ಫೋನು ಮಾಡಿದರು. ನಾನು ಮೀನಿನ ಕೈಯಲ್ಲೇ ಹತ್ತಿರ ನಿಂತೆ. ಜೀಪು ಏರಿನ ನಡುವಿನ ತಿರುವಿನಲ್ಲಿ ನಿಂತಿತ್ತು. ತಿರುವಿಗೆಂದು ಕಾಲು ತೆಗೆದದ್ದೇ ಎಂಜಿನ್ ಸತ್ತಂತಾಯಿತಂತೆ. ನೆರೆಯವರು ಓಡಿ ಬಂದು ಹಿಂದಿನ ಚಕ್ರಗಳಿಗೆ ಕಲ್ಲು ಇಟ್ಟಿದ್ದರು. ಮೇಲಿನಿಂದ ಬೇರೆ ಗಾಡಿ ಇಳಿಸೋಣವೆಂದರೆ ತಿರುವಿನಲ್ಲಿ ತಿರುಗಿಸಲು ಜಾಗವಿಲ್ಲ. ಉಮ್ಮನನ್ನು ಕುರ್ಚಿಯಲ್ಲಿ ಹೊತ್ತು ಹತ್ತಿಸೋಣವೆಂದರೆ ಕಾಂಕ್ರೀಟಿಗೆ ಪಾಚಿ ಹಿಡಿದು ಬರಿಗಾಲೂ ನಿಲ್ಲುತ್ತಿರಲಿಲ್ಲ. ಇನ್ಹೇಲರ್ ಒತ್ತಿದರೂ ಎದೆ ಬಿಟ್ಟಿರಲಿಲ್ಲ.

"ಬಾಕಿಯವರನ್ನೆಲ್ಲ ಇಳಿಸು, ಉಮ್ಮ ಮಾತ್ರ ಇರ್ಲಿ," ಎಂದು ಇವರು ಹೇಳಿದರು. "ಕಲ್ಲು ತೆಗೀಬೇಡಿ. ಫಸ್ಟ್ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದು ರೇಸ್ ಮಾಡು. ಟರ್ಬೊ ಎದ್ದ ಮೇಲೆ ಬಿಡು. ಮೊದಲು ಬಿಡ್ಬೇಡ."

ಗಾಬರಿಯಲ್ಲಿ ಅವನು ಮೊದಲೇ ಬಿಟ್ಟ. ಎಂಜಿನ್ ಕೆಮ್ಮಿ ನಿಂತಿತು. ಯಾರೋ 'ಕಲ್ಲು! ಕಲ್ಲು!' ಎಂದು ಕಿರುಚಿದರು.

"ಎದ್ದದ್ದು ನಂಗೆ ಹೇಗೆ ಗೊತ್ತಾಗುದು ಪೊರ್ಬುಗಳೇ? ಇಲ್ಲಿ ಎಲ್ಲ ಬೊಬ್ಬೆ!"

ಇವರು ಫೋನನ್ನು ನನ್ನ ಕಿವಿಗೆ ಹಿಡಿದರು. "ನೀನು ಕೇಳು. ಶಿಳ್ಳೆ ಬಂದಾಗ ಹೇಳು."

ಆಗ ಆ ಕಡೆಯಿಂದ ಬೀಪಾತುಮ್ಮನವರ ಧ್ವನಿ ಬಂತು, ಒಂದೊಂದು ಮಾತಿಗೂ ಒಂದೊಂದು ಉಸಿರು.

"ಬಾಯಮ್ಮನಾ? ನಂಗೆ... ವಲಿವು ಉಂಟು. ಜೀಪಿಗೆ... ಇಲ್ಲ. ಪಡಚೋನಿಗೆ... ವಿಳಾಸ ತಪ್ಪಿತು."

ಪಡಚೋನ್ ಎಂದರೆ ಸೃಷ್ಟಿಸಿದವನು. ಅಂಥ ಹೊತ್ತಿನಲ್ಲೂ ಅವನ ಜೊತೆ ತಮಾಷೆ ಮಾಡುವಷ್ಟು ಸಲುಗೆ ಆ ಹೆಂಗಸಿಗೆ.

"ಮಾತಾಡ್ಬೇಡಿ ಉಮ್ಮ. ಅವ ಈಗ ಸರಿಯಾದ ಮನೆಗೆ ಮುಟ್ಟಿಸ್ತಾನೆ," ಎಂದೆ. "ಅಬ್ಬಾಸ್, ನಾನು ಬಿಡು ಹೇಳುವವರೆಗೆ ಬಿಡ್ಬೇಡ. ಬಿಟ್ಟ ಮೇಲೆ ಮೇಲಿನ ರಸ್ತೆಯವರೆಗೆ ಕಾಲು ತೆಗೀಬೇಡ."

ಅವನು ರೇಸ್ ಮಾಡಿದ. ನಾನು ಕಣ್ಣು ಮುಚ್ಚಿದೆ. ಜನರ ಗದ್ದಲದ ಕೆಳಗೆ, ಎಂಜಿನಿನ ಗುಡುಗಿನ ಕೆಳಗೆ ಶಿಳ್ಳೆ ಕೇಳಿಸಿತು. ಬಿಡು ಎನ್ನಲು ಬಾಯಿ ತೆರೆದವಳು ತಡೆದೆ. ಅದು ಏರಿತು, ಇಳಿಯಿತು, ಪುನಃ ಏರಿತು. ಟರ್ಬೊ ಹಾಗೆ ಇಳಿಯುವುದಿಲ್ಲ. ಅದು ಉಮ್ಮನ ಎದೆ. ಫೋನು ಅವರ ಮಡಿಲಲ್ಲೇ ಇತ್ತು. ದೇವರೇ, ಈ ಎರಡನ್ನು ನನಗೆ ಬೇರೆ ಮಾಡಿಕೊಡು ಎಂದು ಬೇಡಿಕೊಂಡೆ. ಆ ಏರಿಳಿತವನ್ನು ಒಂದು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಕೇಳಿದೆ. ಬಹಳ ಸಣ್ಣಗೆ, ದಾರದಷ್ಟು ಸಪೂರವಾಗಿ ಇನ್ನೊಂದು ಏಳುತ್ತಿತ್ತು. ಅದು ಉಸಿರಿಗೆ ನಿಲ್ಲಲಿಲ್ಲ. ಹತ್ತಿತು, ಇನ್ನೂ ಹತ್ತಿತು.

"ಬಿಡು!"

ಫೋನಿನಲ್ಲಿ ಏನೋ ಉರುಳಿದ ಸದ್ದು, ಜನರ ಕೂಗು, ಆಮೇಲೆ ಬರೀ ಗಾಳಿ. ಲೈನು ಪುನಃ ಕಡಿಯಿತು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಸ್ವಲ್ಪ ಹೊತ್ತಿಗೆ ನೆರೆಯವನೊಬ್ಬನ ಫೋನಿನಿಂದ ಸುದ್ದಿ ಬಂತು: ಜೀಪು ಮೇಲಿನ ರಸ್ತೆ ಮುಟ್ಟಿದೆ, ನಿಲ್ಲಿಸದೆ ಕಾಸರಗೋಡಿಗೆ ಹೋಗಿದೆ.

ಇವರು ಶೆಡ್ಡಿಗೆ ಹೋಗಿ ದಿಂಬಿನ ಚೀಲ ಬಿಚ್ಚಿ ಸಣ್ಣ ಟರ್ಬೊ ಹೊರಗಿಟ್ಟರು. ಬೆರಳಲ್ಲಿ ಚಕ್ರ ತಿರುಗಿಸಿದರು, ಸದ್ದಿಲ್ಲದೆ ತಿರುಗಿತು. "ಒಳ್ಳೇದು ಮಾಡಿದಿ, ಎಣ್ಣೆ ಹಚ್ಚಿಟ್ಟದ್ದು," ಎಂದರು. ಶೆಡ್ಡಿನೊಳಗೆ ನಿಂತು ಇವರು ನನ್ನನ್ನು ಹೊಗಳಿದ್ದು ಅಪರೂಪ, ಅದನ್ನೂ ಆ ದಿನದ ದಯೆಗಳ ಜೊತೆ ಸೇರಿಸಿಕೊಂಡೆ. ಹಿತ್ತಲಿಗೆ ಬಂದರೆ ಬೆಕ್ಕು ಬೂತಾಯಿಯಲ್ಲಿ ತನ್ನ ಪಾಲು ತೆಗೆದುಕೊಂಡು ಹೋಗಿತ್ತು. ನಮ್ಮ ಪಾಲು ಬಿಟ್ಟಿತ್ತು, ಅದೂ ದಯೆಯೇ. ಕೂತೆ, ಆದರೆ ಕೈ ಓಡಲಿಲ್ಲ. ಬಹಳ ಹೊತ್ತು ಬರೀ ಫೋನು ನೋಡುತ್ತಿದ್ದೆ.

ನಾನು ಕೆಲಸ ಬಿಟ್ಟದ್ದು ಅದರ ಮುಂದಿನ ವರ್ಷ. ಒಂದು ಟರ್ಬೊ ಪರೀಕ್ಷಿಸುವಾಗ ಲವೀನಾ, "ಶಿಳ್ಳೆ ನಡುಗ್ತದೆ ಮಮ್ಮಿ," ಎಂದಳು. ನನಗೆ ಶಿಳ್ಳೆಯೇ ಕೇಳಿಸಿರಲಿಲ್ಲ. ದೇವರು ಮಾತು ಕೇಳುವಷ್ಟು ಬಿಟ್ಟು, ಮೇಲಿನ ಸ್ವರ ಮಾತ್ರ ಹಿಂದೆ ತೆಗೆದುಕೊಂಡಿದ್ದಾನೆ. ಆ ಬೆಳಗಿನವರೆಗೆ ಉಳಿಸಿದ್ದನಲ್ಲ ಎಂದು ನೆನೆಯುತ್ತೇನೆ.

ಅಂದು ಕೊನೆಗೂ ಫೋನು ಬಂತು. ಈ ಸಲ ಅಬ್ಬಾಸ್ ಕೂಗಲಿಲ್ಲ.

"ಬಾಯಮ್ಮ, ವಲಿವಿಲ್ಲ."

ನಾನು ಗಟ್ಟಿಯಾಗಿ ಕೇಳಿದೆ, "ಯಾರಿಗೆ?"

ಅವನು ನಕ್ಕ. ನಗು ನಡುವಲ್ಲಿ ಒಡೆಯಿತು, ಮೂಗು ಒರೆಸಿಕೊಂಡದ್ದು ಕೇಳಿಸಿತು. "ಉಮ್ಮಾಗೆ. ಮದ್ದಿನ ಹೊಗೆ ಕೊಟ್ರು, ಎದೆ ಬಿಟ್ಟಿತು. ಈಗ ಚಹಾ ಕೇಳ್ತಾ ಇದ್ದಾರೆ. ಪೊರ್ಬುಗಳ ಹತ್ತಿರ ಹೇಳಿ, ಹಳೇದನ್ನು ತೆಗೆದಿಡ್ಲಿಕ್ಕೆ. ಬರುವಾಗ ಶೆಡ್ಡಿಗೇ ಬರ್ತೇನೆ."

"ತೆಗೆದಿಟ್ಟಾಯ್ತು. ಹನೀಫನಿಗೆ ಎಂತ ಹೇಳ್ತಿ?"

"ಉಮ್ಮನೇ ಹೇಳ್ತಾರಂತೆ. ಮೋನೇ, ನಿನ್ನ ಟರ್ಬೊಗೆ ನಮ್ಮ ಬೈಲಿನ ಹವೆ ಆಗುದಿಲ್ಲ, ನನ್ನ ಹಾಗೆ ಅದಕ್ಕೂ ಉಬ್ಬಸ, ಅದನ್ನು ಅದರ ಊರಿಗೇ ಕರ್ಕೊಂಡು ಹೋಗು ಅಂತ."

ಫೋನು ಇಟ್ಟು ಕೈ ತೊಳೆದು ಶಿಲುಬೆಯ ಗುರುತು ಹಾಕಿದೆ. ಮೀನಿಗೆ ಉಪ್ಪು ಅರಸಿನ ಹಚ್ಚಿ ಮುಚ್ಚಿಟ್ಟೆ. ಮೆಣಸು ಹುರಿಯಲು ಹಿತ್ತಲ ಒಲೆಯ ಹತ್ತಿರ ಹೋದರೆ ಬೆಂಕಿ ಬೂದಿಯ ಕೆಳಗೆ ಹೋಗಿತ್ತು, ಒಂದು ಕೆಂಡಕ್ಕೆ ಮಾತ್ರ ಜೀವ ಇತ್ತು. ಗೋಡೆಗೆ ಒರಗಿಸಿದ್ದ ಸಪೂರದ ಕೊಳವೆ ತೆಗೆದುಕೊಂಡು ಮೆಲ್ಲನೆ ಊದಿದೆ.